ವಿಯೆನ್ನಾನೋ, ಪ್ರಾಗೋ? ಮೊದಲು ಮಂಡಿಯನ್ನು ಕೇಳಿ

(ಯುರೋಪಿಗೆ ಪ್ರವಾಸಿ ತಂಡಗಳನ್ನು ಕರೆದೊಯ್ಯುತ್ತಿದ್ದು, ಈಗ ಚಿಕ್ಕಬಳ್ಳಾಪುರದಲ್ಲಿ ನೆಲೆಸಿರುವ ನಮ್ಮ ಅಂಕಣಗಾರ್ತಿ ಓದುಗರ ಪ್ರವಾಸದ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ನಮ್ಮನೆಯವರದು ಕೊಬ್ಬರಿ ವ್ಯಾಪಾರ. ಬೆಂಗಳೂರಲ್ಲಿರುವ ಮಗ ನಮ್ಮಿಬ್ಬರನ್ನೂ ಯುರೋಪಿಗೆ ಕಳಿಸುತ್ತೇನೆ ಅಂತ ಹಟ ಹಿಡಿದಿದ್ದಾನೆ. ಎಂಟು ದಿನ, ಒಂದೇ ಊರು ಅನ್ನೋದು ಅವನ ಷರತ್ತು. ಊರೂರು ಓಡಿ ಸುಸ್ತಾಗಿ ಬರೋದು ಬೇಡವಂತೆ. ಆಸ್ಟ್ರಿಯಾದ ವಿಯೆನ್ನಾ ಅಥವಾ ಚೆಕ್ ದೇಶದ ಪ್ರಾಗ್, ಎರಡರಲ್ಲಿ ಒಂದು ಆರಿಸಿ ಅಂದಿದ್ದಾನೆ. ಚಿಕ್ಕವಳಿದ್ದಾಗ ಪಿಟೀಲು ಕಲಿತಿದ್ದೆ, ಹಾಗಾಗಿ ನನಗೆ ವಿಯೆನ್ನಾ ಆಸೆ. ಇವರಿಗೆ ಪ್ರಾಗ್. ಇವರ ಸ್ನೇಹಿತರೊಬ್ಬರು ಹೋಗಿ ಬಂದು ‘ಚೆಂದ, ಜೊತೆಗೆ ಅಗ್ಗ’ ಅಂದರಂತೆ. ನಾವು ಮೊಟ್ಟೆಯನ್ನೂ ತಿನ್ನುವವರಲ್ಲ. ನನಗೆ ಮಂಡಿನೋವು ಬೇರೆ. ಯಾವ ಊರಿಗೆ ಹೋಗೋಣ?
– ಓದುಗರು, ತಿಪಟೂರು

ಉತ್ತರ: ಟೀಚರ್, ವಿಯೆನ್ನಾಗೆ ಹೋಗಿ. ಯಜಮಾನರು ಮುನಿಸಿಕೊಂಡರೆ ಈ ಪುಟ ಅವರ ಮುಂದೆ ಇಡಿ.

ಅವರ ಸ್ನೇಹಿತರು ಸುಳ್ಳು ಹೇಳಿಲ್ಲ. ಬರೀ ಚೆಂದದ ಮಾತಾದರೆ ಪ್ರಾಗ್ ಒಂದು ಕೈ ಮೇಲೇ. 1357ರಲ್ಲಿ ಕಟ್ಟಲು ಶುರು ಮಾಡಿದ ಚಾರ್ಲ್ಸ್ ಸೇತುವೆ ಇವತ್ತಿಗೂ ಇದೆ, ಅದರ ಎರಡೂ ಬದಿ ಸೇರಿ ಮೂವತ್ತು ವಿಗ್ರಹಗಳು. ನದಿಯಾಚೆ ಗುಡ್ಡದ ಮೇಲೆ ಕೋಟೆ. ಕೋಟೆಯೊಳಗೆ ಒಂದು ದೊಡ್ಡ ಚರ್ಚು. ಅದಕ್ಕೆ ಪಾಯ ಹಾಕಿದ್ದು 1344ರಲ್ಲಿ, ಕೆಲಸ ಮುಗಿದದ್ದು 1929ರಲ್ಲಿ. ನಮ್ಮೂರಲ್ಲಿ ಬಸ್ ಸ್ಟ್ಯಾಂಡ್ ಕೆಲಸ ನಿಧಾನ ಅಂತ ಬೈಯುವವರಿಗೆ ನಾನು ಇದನ್ನು ಹೇಳ್ತಿರ್ತೀನಿ.

ಆದರೆ ಆ ಚೆಂದವೆಲ್ಲ ಕಲ್ಲಿನ ಮೇಲೆ ನಿಂತಿದೆ. ಪ್ರಾಗಿನ ಹಳೇ ಊರಿನ ಬೀದಿ, ಓಣಿ, ಫುಟ್‌ಪಾತ್ ಎಲ್ಲದಕ್ಕೂ ಸಣ್ಣ ಸಣ್ಣ ಕಲ್ಲು ಜೋಡಿಸಿದ್ದಾರೆ. ನೋಡೋಕೆ ಕಸೂತಿ, ನಡೆಯೋಕೆ ಶಿಕ್ಷೆ. ಪಾದ ಎಲ್ಲೂ ಸಮ ಕೂರೋದಿಲ್ಲ. ಮೊದಲ ದಿನ ಉತ್ಸಾಹದಲ್ಲಿ ಗೊತ್ತಾಗೋದಿಲ್ಲ, ಎರಡನೇ ದಿನ ಸಂಜೆಗೆ ಮಂಡಿ ಊದಿಕೊಳ್ಳುತ್ತದೆ. ನನ್ನ ತಂಡಗಳಲ್ಲಿ ಅರವತ್ತು ದಾಟಿದ ಹೆಂಗಸರು ಪ್ರಾಗಿನಲ್ಲಿ ಮೂರನೇ ದಿನ ‘ನಾವು ಹೋಟೆಲಲ್ಲೇ ಇರ್ತೀವಿ, ನೀವು ನೋಡ್ಕೊಂಡು ಬನ್ನಿ’ ಅನ್ನೋರು. ಮೆಟ್ರೋ ಇದೆಯಲ್ಲ ಅಂತೀರಾ? ಇದೆ, ಚೆನ್ನಾಗಿಯೂ ಇದೆ. ಆದರೆ ಕೆಲವು ನಿಲ್ದಾಣಗಳು ಪಾತಾಳದಲ್ಲಿವೆ. ನಾಮೇಸ್ತಿ ಮೀರು ಅನ್ನುವ ನಿಲ್ದಾಣದ ಎಸ್ಕಲೇಟರ್ 87 ಮೀಟರ್ ಉದ್ದ. ನಮ್ಮ ಮಾಲ್‌ಗಳ ಎಸ್ಕಲೇಟರಿಗಿಂತ ಜೋರಾಗಿ ಓಡುವಂಥವೂ ಅಲ್ಲಿವೆ, ಸೆರಗು ಹಿಡಿದುಕೊಂಡು ಹತ್ತಬೇಕು. ಎಲ್ಲ ನಿಲ್ದಾಣಕ್ಕೂ ಲಿಫ್ಟ್ ಇಲ್ಲ.

ವಿಯೆನ್ನಾ ಯಾಕೆ ಹಾಗಿಲ್ಲ ಅನ್ನೋದಕ್ಕೆ ನಿಮ್ಮ ಪಾಠದಲ್ಲೇ ಕಾರಣ ಇದೆ. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಊರ ಸುತ್ತಲಿನ ಕೋಟೆಗೋಡೆ ಕೆಡವಿ ಅಂತ ಆಜ್ಞೆ ಹೊರಡಿಸಿದ. ಗೋಡೆ, ಅದರ ಮುಂದಿನ ಖಾಲಿ ಬಯಲು ಹೋಗಿ ಅಲ್ಲಿ ರಿಂಗ್‌ಸ್ಟ್ರಾಸೆ ಅನ್ನುವ ಅಗಲವಾದ ರಸ್ತೆ ಬಂತು. ಸಂಸತ್ತು, ವಿಶ್ವವಿದ್ಯಾಲಯ, ಮ್ಯೂಸಿಯಂ, ಆಪೆರಾ ಅನ್ನುವ ಸಂಗೀತನಾಟಕದ ರಂಗಮಂದಿರ ಎಲ್ಲವನ್ನೂ ಆ ರಸ್ತೆಗುಂಟ ಸಾಲಾಗಿ ಕಟ್ಟಿದರು. ಅದೇ ರಸ್ತೆಯಲ್ಲಿ ಟ್ರಾಮ್ ಓಡುತ್ತದೆ. ಹೊಸ ಟ್ರಾಮ್‌ಗಳ ಬಾಗಿಲು ಹೆಚ್ಚುಕಡಿಮೆ ಫುಟ್‌ಪಾತಿನ ಮಟ್ಟಕ್ಕೇ ಇರುತ್ತದೆ, ಕಾಲೆತ್ತಿ ಹತ್ತುವ ಕಷ್ಟವಿಲ್ಲ. ಮೆಟ್ರೋ ನಿಲ್ದಾಣಗಳಿಗೆಲ್ಲ ಲಿಫ್ಟ್ ಇದೆ. ಅರ್ಧ ವಿಯೆನ್ನಾವನ್ನು ನೀವು ಕಿಟಕಿ ಪಕ್ಕ ಕೂತೇ ನೋಡಬಹುದು. ಒಂದು ಮಾತು: ನಿಲ್ದಾಣಗಳಲ್ಲಿ ಗೇಟು ಇರೋದಿಲ್ಲ, ಯಾರೂ ತಡೆಯೋದಿಲ್ಲ. ಕಾಗದದ ಟಿಕೆಟ್ಟಾದರೆ ನೀವೇ ಸಣ್ಣ ಮೆಷಿನ್ನಿಗೆ ತೂರಿಸಿ ಮುದ್ರೆ ಒತ್ತಿಸಬೇಕು. ಮರೆತರೆ ಮಾಮೂಲಿ ಬಟ್ಟೆಯಲ್ಲಿ ಬರುವ ತಪಾಸಣೆಯವರು ಹಿಡಿಯುತ್ತಾರೆ. ದಂಡ ನೂರು ಯೂರೋ ದಾಟುತ್ತದೆ. ‘ಗೊತ್ತಿರಲಿಲ್ಲ ಸಾರ್’ ಅನ್ನೋದು ಅಲ್ಲಿ ನಡೆಯೋದಿಲ್ಲ.

ಈಗ ಅಗ್ಗದ ವಿಷಯ. ಹೋಟೆಲ್, ಊಟ ಪ್ರಾಗಿನಲ್ಲಿ ಕಡಿಮೆ ಅನ್ನೋದು ನಿಜ. ಆದರೆ ಪ್ರಾಗ್ ಸಿಕ್ಕಾಪಟ್ಟೆ ಅಗ್ಗ ಅಂತ ಊರೆಲ್ಲ ಸಾರುವವರು ಸಾಮಾನ್ಯವಾಗಿ ಬಿಯರ್ ಲೆಕ್ಕ ಹಾಕಿರುತ್ತಾರೆ. ಯಜಮಾನರ ಸ್ನೇಹಿತರನ್ನು ಮೆಲ್ಲಗೆ ಕೇಳಿ ನೋಡಿ. ನಿಮ್ಮಿಬ್ಬರಿಗೆ ಆ ಉಳಿತಾಯ ದಕ್ಕುವುದಿಲ್ಲ. ವಿಯೆನ್ನಾದಲ್ಲಿ ನಿಮ್ಮ ಖರ್ಚು ಇಳಿಸುವ ದಾರಿ ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್. ಅಕ್ಕಿ, ತರಕಾರಿ, ಒಳ್ಳೇ ಗಟ್ಟಿ ಮೊಸರು ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಬೆಳಗ್ಗೆ ಒಂದು ಚಿತ್ರಾನ್ನ, ರಾತ್ರಿ ಅನ್ನ ಮೊಸರು ಆದರೆ ಮಧ್ಯಾಹ್ನ ಒಂದು ಹೊತ್ತು ಮಾತ್ರ ಹೊರಗೆ. ಶನಿವಾರ ಸಂಜೆ ಆರಕ್ಕೆ ಅಂಗಡಿಗಳು ಬಾಗಿಲು ಹಾಕುತ್ತವೆ, ಭಾನುವಾರ ಪೂರ್ತಿ ಬಂದ್. ದೊಡ್ಡ ರೈಲ್ವೆ ನಿಲ್ದಾಣದಲ್ಲಿ ಮಾತ್ರ ಒಂದೆರಡು ತೆರೆದಿರುತ್ತವೆ, ಅಲ್ಲಿ ಜನ ಜಾತ್ರೆ. ಹಾಗಾಗಿ ಶನಿವಾರ ಮಧ್ಯಾಹ್ನವೇ ಹಾಲು ಮೊಸರು ತಂದಿಟ್ಟುಕೊಳ್ಳಿ. ನೀರು ದುಡ್ಡು ಕೊಟ್ಟು ತರಬೇಡಿ. 1873ರಿಂದ ಆ ಊರಿಗೆ ಆಲ್ಪ್ಸ್ ಬೆಟ್ಟದ ಚಿಲುಮೆ ನೀರು ಪೈಪಿನಲ್ಲಿ ಬರುತ್ತಿದೆ. ನಲ್ಲಿಗೆ ಬಾಟಲಿ ಹಿಡಿದರೆ ಸಾಕು.

ಹೊರಗೆ ತಿನ್ನುವಾಗ ವೆಜಿಟೇರಿಯನ್ ಅಂತ ಹೇಳಿ ನೆಮ್ಮದಿಯಾಗಿ ಕೂರಬೇಡಿ. ಅವರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ‘ವೀಗನ್’ ಅನ್ನಿ. ಹಾಲು ತುಪ್ಪ ಹೋಗುತ್ತದೆ, ಆದರೆ ಮೊಟ್ಟೆಯೂ ಹೋಗುತ್ತದೆ. ವಿಯೆನ್ನಾದಲ್ಲಿ ವೀಗನ್ ಊಟ ಕೊಡುವ ಜಾಗಗಳು ಬೇಕಾದಷ್ಟಿವೆ, ಇಂಡಿಯನ್ ಹೋಟೆಲ್‌ಗಳೂ ಇವೆ. ಜರ್ಮನ್‌ನಲ್ಲಿ ಹೇಳಬೇಕಾದರೆ ‘ಓನೆ ಫ್ಲೈಶ್, ಓನೆ ಐ’. ಮಾಂಸ ಬೇಡ, ಮೊಟ್ಟೆ ಬೇಡ ಅಂತ. ಊರಿಗೇ ಹೆಸರು ತಂದ ಜಾಖರ್ ಟೋರ್ಟೆ ಅನ್ನುವ ಚಾಕೊಲೇಟ್ ಕೇಕಿಗೆ ಮೊಟ್ಟೆ ಧಾರಾಳವಾಗಿ ಬೀಳುತ್ತದೆ, ಅದನ್ನು ಗಾಜಿನ ಆಚೆಯಿಂದಲೇ ನೋಡಿ. ಸೇಬಿನ ಹೂರಣ ಸುತ್ತಿದ ಸ್ಟ್ರೂಡೆಲ್ ಹಿಟ್ಟಿಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೆಲವರು ಹಾಕೋದಿಲ್ಲ. ಕೇಳಿ ತಿನ್ನಿ. ಕಾಫಿಗೆ ಅಂಥ ತಕರಾರಿಲ್ಲ. ಮೆಲಾಂಜ್ ಕೇಳಿದರೆ ನೊರೆ ಹಾಲಿನ ಕಾಫಿ ಬರುತ್ತದೆ, ಜೊತೆಗೆ ತಟ್ಟೆಯಲ್ಲಿ ಒಂದು ಲೋಟ ನೀರು. ಒಂದೇ ಕಪ್ ಹಿಡಿದು ಎರಡು ತಾಸು ಕೂತರೂ ಯಾರೂ ಎಬ್ಬಿಸೋದಿಲ್ಲ. ಮಂಡಿನೋವಿನವರಿಗೆ ಇದಕ್ಕಿಂತ ಇನ್ನೇನು ಬೇಕು ಹೇಳಿ! ಈ ಕಾಫಿಮನೆಗಳ ರೂಢಿಯನ್ನು 2011ರಲ್ಲಿ ಆಸ್ಟ್ರಿಯಾ ಯುನೆಸ್ಕೋ ಒಪ್ಪಂದದಡಿ ಮಾಡಿರುವ ತನ್ನ ದೇಶದ ಪರಂಪರೆಯ ಪಟ್ಟಿಗೇ ಸೇರಿಸಿತು.

ನಿಮ್ಮ ಪಿಟೀಲಿಗೆ ಬರೋಣ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ನೆನಪಾದದ್ದು ಆಗಸ್ಟೀನರ್ ಚರ್ಚು. ಅರಮನೆ ಸಮುಚ್ಚಯಕ್ಕೆ ಅಂಟಿಕೊಂಡೇ ಇದೆ, ರಾಜಮನೆತನದವರ ಚರ್ಚು ಅದು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅಲ್ಲಿ ಪೂಜೆ. ಅದರ ಜೊತೆ ಪೂರ್ತಿ ವಾದ್ಯವೃಂದ, ಗಾಯಕರ ಮೇಳ. ಮೊಝಾರ್ಟ್, ಹೈಡನ್, ಶೂಬರ್ಟ್ ಬರೆದ ಸಂಗೀತವನ್ನು ಅದು ಹುಟ್ಟಿದ ಕೆಲಸಕ್ಕೇ, ಅಂದರೆ ಪೂಜೆಗೇ ನುಡಿಸುವುದನ್ನು ಕೇಳಬಹುದು. ಟಿಕೆಟ್ಟಿಲ್ಲ, ಡಬ್ಬಿಗೆ ನಿಮ್ಮ ಕೈಲಾದಷ್ಟು ಹಾಕಿದರೆ ಆಯಿತು. ಅರ್ಧ ಗಂಟೆ ಮೊದಲೇ ಹೋಗಿ ಬೆಂಚು ಹಿಡಿಯಿರಿ. ನಾನು ದುಬಾರಿ ಸಭಾಂಗಣಗಳಲ್ಲೂ ಕೂತಿದ್ದೇನೆ. ಈ ಚರ್ಚಿನ ಬೆಂಚೇ ನನಗೆ ಹೆಚ್ಚು. ಅಲ್ಲೇ ಹತ್ತಿರ, ಅರಮನೆಯ ನೊಯೆ ಬುರ್ಗ್ ಅನ್ನುವ ಭಾಗದಲ್ಲಿ ಹಳೇ ವಾದ್ಯಗಳ ಸಂಗ್ರಹಾಲಯ ಇದೆ. ಪಿಟೀಲು ನಮ್ಮ ಕಡೆಗೆ ಬರುವ ಮೊದಲು, ಅದರ ಅಕ್ಕತಂಗಿಯರೆಲ್ಲ ಹೇಗಿದ್ದರು ಅಂತ ಅಲ್ಲಿ ನೋಡಬಹುದು.

ಆಪೆರಾಗೆ ನಿಂತು ನೋಡುವ ಟಿಕೆಟ್ ಬಹಳ ಅಗ್ಗ ಅಂತ ಯಾರಾದರೂ ಆಸೆ ಹುಟ್ಟಿಸುತ್ತಾರೆ. ನಿಜವಾಗಿಯೂ ಅಗ್ಗ, ಆದರೆ ಮೂರು ಗಂಟೆ ನಿಲ್ಲಬೇಕು. ನಿಮಗೆ ಬೇಡ. ಮೇಲಿನ ಮಹಡಿಯ ಕಡಿಮೆ ದರದ ಸೀಟು ತಗೊಳ್ಳಿ, ವೇದಿಕೆ ಪೂರ್ತಿ ಕಾಣುತ್ತದಾ ಅಂತ ಕೇಳಿ ತಗೊಳ್ಳಿ. ವಿಯೆನ್ನಾದ ನಡುಮಧ್ಯೆ ಇರುವ ದೊಡ್ಡ ಚರ್ಚಿನ ಸುತ್ತ ಬಿಳಿ ವಿಗ್ಗು, ಜರತಾರಿ ಕೋಟು ಹಾಕಿಕೊಂಡು ಟಿಕೆಟ್ ಮಾರುವ ಹುಡುಗರು ಸಿಗುತ್ತಾರೆ. ನನ್ನ ತಂಡದ ಒಬ್ಬ ದಂಪತಿ ಅವರ ಮಾತಿಗೆ ಮರುಳಾಗಿ ದುಬಾರಿ ಟಿಕೆಟ್ ಕೊಂಡರು. ಸಂಜೆ ಹೋದರೆ ಕಂಬದ ಹಿಂದೆ ಕುರ್ಚಿ. ನಗುತ್ತಾ ಕೈ ಮುಗಿದು ಮುಂದೆ ನಡೆಯಿರಿ.

ಯಜಮಾನರಿಗೆ ಏನು ಅಂತ ಕೇಳ್ತೀರಿ. ವ್ಯಾಪಾರಸ್ಥರನ್ನು ಅರಮನೆಗಿಂತ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಬೇಕು. ನಾಶ್‌ಮಾರ್ಕ್ಟ್ ಅಂತ ಉದ್ದನೆಯ ಸಂತೆಸಾಲು ಇದೆ. ಹಣ್ಣು, ಮಸಾಲೆ, ಆಲಿವ್, ಒಣಹಣ್ಣು. ತೆಂಗಿನಕಾಯಿ ಕಂಡರೆ ದರ ನೋಡಿ ಅವರಿಗೆ ಒಂದು ವಾರ ಮಾತಾಡೋಕೆ ವಿಷಯ ಸಿಗುತ್ತದೆ. ಶನಿವಾರ ಪಕ್ಕದಲ್ಲೇ ಹಳೇ ಸಾಮಾನಿನ ಸಂತೆಯೂ ಸೇರುತ್ತದೆ. ಪ್ರಾಟರ್ ಉದ್ಯಾನದಲ್ಲಿ 1897ರ ರಾಟೆ ಇನ್ನೂ ತಿರುಗುತ್ತಿದೆ, ತೊಟ್ಟಿಲಲ್ಲ, ರೈಲು ಡಬ್ಬಿಯಂಥ ಕೋಣೆಗಳು. ಶೋನ್‌ಬ್ರುನ್ ಅರಮನೆಯಲ್ಲಿ 1,441 ಕೋಣೆಗಳಿವೆ, ತೋರಿಸುವುದು ಕೆಲವನ್ನೇ. ಅದೂ ಸಾಕೋ ಸಾಕು. ತೋಟಕ್ಕೆ ಟಿಕೆಟ್ ಇಲ್ಲ, ಸಂಜೆ ಅಲ್ಲಿ ಕೂತುಕೊಳ್ಳಿ. ಗುಡ್ಡದ ಮೇಲಿನ ಮಂಟಪಕ್ಕೆ ಅವರೊಬ್ಬರೇ ಹತ್ತಿ ಬರಲಿ.

‘ಒಂದೇ ಊರಾಯ್ತಲ್ಲ’ ಅಂತ ಆಮೇಲೂ ಗೊಣಗಿದರೆ ಒಂದು ದಿನ ಬ್ರಾಟಿಸ್ಲಾವಾಗೆ ಕರೆದುಕೊಂಡು ಹೋಗಿ. ಅದು ಸ್ಲೊವಾಕಿಯಾದ ರಾಜಧಾನಿ, ವಿಯೆನ್ನಾದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಬಂದ ಹಾಗೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಅಲ್ಲಿಗೂ ನಡೆಯುತ್ತದೆ. ಮಗನ ಷರತ್ತೂ ಮುರಿಯೋದಿಲ್ಲ, ಯಜಮಾನರಿಗೆ ಎರಡನೇ ದೇಶವೂ ಆಯಿತು.

ಯಾವಾಗ ಹೋಗಬೇಕು? ಗೌರಿ ಗಣೇಶ ಮುಗಿಸಿ ಹೊರಡಿ, ಆಯುಧಪೂಜೆಗೆ ಅಂಗಡಿ ಬಾಗಿಲಿಗೆ ವಾಪಸ್ ಬನ್ನಿ. ಜುಲೈ, ಆಗಸ್ಟಿನಲ್ಲಿ ಸೆಕೆ ಇರುತ್ತದೆ, ಸರ್ಕಾರಿ ಆಪೆರಾಗೂ ರಜೆ. ಸೆಪ್ಟೆಂಬರ್‌ನಲ್ಲಿ ಆಪೆರಾ ಮತ್ತೆ ಶುರುವಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ವೀಸಾ ಅರ್ಜಿಗೆ ತಲಾ 90 ಯೂರೋ ಶುಲ್ಕ, ಸಿಗಲಿಲ್ಲ ಅಂದರೂ ವಾಪಸ್ ಬರೋದಿಲ್ಲ. 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು, ಕೊನೇ ಗಳಿಗೆಗೆ ಬಿಡಬೇಡಿ.

ಕೊನೆಗೆ ತಿಪಟೂರಿನವರಿಗೆ ಅಂತಲೇ ಒಂದು ಮಾತು. ಪೆಟ್ಟಿಗೆಯಲ್ಲಿ ಕೊಬ್ಬರಿ ಇಡಬೇಡಿ! ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಅಪಾಯದ ಸರಕಿನ ಪಟ್ಟಿಗೆ ಸೇರಿಸಿದ್ದಾರೆ. ದೇವನಹಳ್ಳಿಯಲ್ಲೇ ತೆಗೆಸುತ್ತಾರೆ. ಯಜಮಾನರು ಅಲ್ಲಿ ನಿಂತು ‘ನಾವು ಗೋಡೌನ್ ತುಂಬ ಇಡ್ತೀವಿ, ಏನೂ ಆಗಿಲ್ಲ’ ಅಂತ ವಾದ ಮಾಡುವುದು ನನಗೆ ಈಗಲೇ ಕಾಣಿಸ್ತಿದೆ. ತಮಾಷೆ ಏನಂದರೆ, ಯುರೋಪಿನೊಳಗೆ ಹಣ್ಣು ತರಕಾರಿ ತರಲು ಸಾಮಾನ್ಯವಾಗಿ ಸರ್ಟಿಫಿಕೇಟ್ ಬೇಕು, ತೆಂಗಿನಕಾಯಿಗೆ ಮಾತ್ರ ಬೇಡ. ಬಾಳೆ, ಅನಾನಸ್, ಖರ್ಜೂರ, ದುರಿಯನ್ ಹಣ್ಣುಗಳಿಗೂ ಅದೇ ರಿಯಾಯಿತಿ. ಹಾಲಿನಿಂದ ಮಾಡಿದ್ದು ಯಾವುದೂ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಪೇಡ ಮನೆಯಲ್ಲೇ ಇರಲಿ. ಹಸಿ ಕರಿಬೇವೂ ಬೇಡ. ಹುರಿಗಡಲೆ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ರಾಗಿ ಹುರಿಹಿಟ್ಟು ದೊಡ್ಡ ಪೆಟ್ಟಿಗೆಯಲ್ಲಿ ಇಡಿ. ನನ್ನ ತಂಡಗಳು ಬದುಕಿ ಬಂದದ್ದೇ ಅದರಲ್ಲಿ.

ಪ್ರಶ್ನೆ: ಅಕ್ಕಾ, ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ನನ್ನದು. ನವೆಂಬರ್‌ನಲ್ಲಿ ಮದುವೆ. ಡಿಸೆಂಬರ್ ಕೊನೆ ವಾರ ರಜೆ ಸಿಗುತ್ತದೆ. ಹನಿಮೂನಿಗೆ ವಿಯೆನ್ನಾ ಅಥವಾ ಪ್ರಾಗ್ ಅಂದುಕೊಂಡಿದ್ದೇವೆ. ಊಟದ ಚಿಂತೆ ಇಲ್ಲ, ನಾವು ನಾಟಿಕೋಳಿ ಮಂದಿ. ದುಡ್ಡಿನ ಚಿಂತೆ ಇದೆ.
– ಓದುಗ, ಕೋಲಾರ

ಉತ್ತರ: ನಿಮಗೆ ಪ್ರಾಗ್ ಕಣಪ್ಪಾ. ಮಂಡಿ ಗಟ್ಟಿಯಿದೆ, ದುಡ್ಡು ಉಳೀಬೇಕು, ಮೇಲಾಗಿ ಹೊಸ ಜೋಡಿ. ವಿಯೆನ್ನಾದ ಪುರಭವನದ ಮುಂದಿನ ದೊಡ್ಡ ಕ್ರಿಸ್‌ಮಸ್ ಸಂತೆ 26ಕ್ಕೆ ಮುಗಿದುಹೋಗುತ್ತದೆ. ಪ್ರಾಗಿನ ಹಳೇ ಚೌಕದ್ದು ಜನವರಿ ಮೊದಲ ವಾರದವರೆಗೂ ಇರುತ್ತದೆ. ನಿಮ್ಮ ರಜೆಗೆ ಅದೇ ಸರಿ. ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ, ದೀಪ ಹೊತ್ತಿದ ಮೇಲೆ ಆ ಊರಿನ ಗಮ್ಮತ್ತು. ಚಾರ್ಲ್ಸ್ ಸೇತುವೆಗೆ ಮಾತ್ರ ಬೆಳಗ್ಗೆ ಹೋಗಿ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದೇ ಎಂಟರ ಹೊತ್ತಿಗೆ, ಆಗ ಅಲ್ಲಿ ಜನ ಕಡಿಮೆ. ಮಧ್ಯಾಹ್ನ ಹೋದರೆ ನಿಮ್ಮ ಫೋಟೋದಲ್ಲಿ ಬೇರೆಯವರ ಸೆಲ್ಫಿ ಕೋಲು. ಕೋಟೆಗೆ 22ನೇ ನಂಬರ್ ಟ್ರಾಮ್ ಹಿಡಿದು ಮೇಲಿಂದ ಒಳಗೆ ಹೋಗಿ, ಇಳಿಜಾರಲ್ಲಿ ನಡೆದುಕೊಂಡು ಬನ್ನಿ. ಹಳೇ ಚೌಕದ 1410ರ ಗಡಿಯಾರದಲ್ಲಿ ಗಂಟೆಗೊಮ್ಮೆ ಗೊಂಬೆಗಳು ಬರುತ್ತವೆ. ಎಲ್ಲರೂ ಕತ್ತೆತ್ತಿ ನೋಡುವಾಗ ಜೇಬುಗಳ್ಳರಿಗೆ ಹಬ್ಬ. ಪರ್ಸ್ ಮುಂದಿನ ಜೇಬಿನಲ್ಲಿರಲಿ.

ದುಡ್ಡಿನ ವಿಷಯ ಗಮನ ಇಟ್ಟು ಕೇಳಿ. ಅಲ್ಲಿ ಯೂರೋ ಅಲ್ಲ, ಕೊರುನಾ. ಹಳೇ ಊರಿನ ತುಂಬ ದುಡ್ಡು ಬದಲಿಸುವ ಅಂಗಡಿಗಳು. ‘ಕಮಿಷನ್ ಇಲ್ಲ’ ಅಂತ ಬೋರ್ಡು, ದರ ನೋಡಿದರೆ ಹೊಟ್ಟೆ ಉರಿಯುವಂಥದ್ದು. ಇಂಥವರ ಕಾಟಕ್ಕೇ 2019ರಲ್ಲಿ ಅಲ್ಲಿನ ಸರ್ಕಾರ ಕಾನೂನು ತಂದಿತು. 1,000 ಯೂರೋವರೆಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಿ ನಿಮ್ಮ ದುಡ್ಡು ವಾಪಸ್ ಪಡೆಯಬಹುದು. ರಸೀದಿ ಮಾತ್ರ ಬಿಸಾಡಬೇಡಿ. ಕಾರ್ಡ್ ಉಜ್ಜುವಾಗ ಮೆಷಿನ್ ‘ರೂಪಾಯಿನಾ, ಕೊರುನಾನಾ’ ಅಂತ ಕೇಳಿದರೆ ಕೊರುನಾ ಒತ್ತಿ. ರೂಪಾಯಿ ಒತ್ತಿದರೆ ಅವರ ದರಕ್ಕೆ ಲೆಕ್ಕ ಹಾಕುತ್ತಾರೆ.

ಗೂಲಾಶ್, ಸ್ವೀಚ್ಕೋವಾ ಅಂತ ಮೆನುವಿನಲ್ಲಿ ಇರುವುದು ಹೆಚ್ಚಾಗಿ ದನದ ಮಾಂಸ. ಬೇಡದಿದ್ದರೆ ‘ಕುರ್ಜೆ’ ಅನ್ನಿ, ಕೋಳಿ ಕೊಡುತ್ತಾರೆ. ನಾಟಿ ರುಚಿ ನಿರೀಕ್ಷೆ ಮಾಡಬೇಡಿ. 24ರ ಮಧ್ಯಾಹ್ನದಿಂದ 26ರವರೆಗೆ ದೊಡ್ಡ ಅಂಗಡಿಗಳೆಲ್ಲ ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ. ಚಳಿ ಸೊನ್ನೆಯ ಆಚೀಚೆ. ಹಿಡಿತ ಇರುವ ಬೂಟು ಕೊಳ್ಳಿ. ಹೆಂಡತಿಗೂ ಅದೇ. ಫೋಟೋಗೆ ಅಂತ ಹೀಲ್ಸ್ ಹಾಕಿಕೊಂಡು ಆ ಕಲ್ಲಿನ ಮೇಲೆ ನಡೆದರೆ ಹನಿಮೂನ್ ಆಸ್ಪತ್ರೆಯಲ್ಲಿ.

ಪ್ರಶ್ನೆ: ಎರಡೂ ಊರು ನೋಡಲೇಬೇಕು ಅನ್ನುವವರು ಏನು ಮಾಡಬೇಕು? ವೀಸಾ ಯಾವ ದೇಶದ್ದು ತಗೋಬೇಕು? ಇಲ್ಲಿಂದ ನೇರ ವಿಮಾನ ಇದೆಯಾ?
– ಓದುಗರು, ಶಿಡ್ಲಘಟ್ಟ

ಉತ್ತರ: ವಿಮಾನ ನಿಲ್ದಾಣ ನಮ್ಮಿಬ್ಬರಿಗೂ ಹಿತ್ತಲಲ್ಲೇ ಇದೆ, ಆದರೂ ಎರಡೂ ಊರಿಗೆ ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಂಥ ಕಡೆ ಇಳಿದು ಹತ್ತಿಯೇ ಹೋಗಬೇಕು. ಹೆಚ್ಚು ರಾತ್ರಿ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ಎರಡೂ ಕಡೆ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಫ್ರಾಂಕ್‌ಫರ್ಟಲ್ಲಿ ವಿಮಾನ ಬದಲಿಸುತ್ತೀರಿ ಅಂತ ಜರ್ಮನಿಗೆ ಹಾಕಬೇಡಿ, ಬದಲಿಸುವ ಊರು ಆ ಲೆಕ್ಕಕ್ಕೆ ಬರೋದಿಲ್ಲ. ವಿಯೆನ್ನಾ–ಪ್ರಾಗ್ ನಡುವೆ ವಿಮಾನ ಬೇಡವೇ ಬೇಡ. ಬ್ರ್ನೋ ಅನ್ನುವ ಊರಿನ ಮೇಲೆ ಹೋಗುವ ನೇರ ರೈಲು ಸುಮಾರು ನಾಲ್ಕು ಗಂಟೆಯಲ್ಲಿ ಊರ ಮಧ್ಯಕ್ಕೇ ಇಳಿಸುತ್ತದೆ. ಟಿಕೆಟ್ ಬೇಗ ತೆಗೆದರೆ ಬಹಳ ಅಗ್ಗ, ಅದರ ಜೊತೆಗೆ ಸೀಟನ್ನೂ ಕಾದಿರಿಸಿ. ಬರೀ ಟಿಕೆಟ್ ಕೊಂಡರೆ ಸೀಟು ಖಾತ್ರಿ ಇಲ್ಲ. ಹೋಗುವಾಗ ವಿಯೆನ್ನಾದಲ್ಲಿ ಇಳಿಯುವ, ಬರುವಾಗ ಪ್ರಾಗಿನಿಂದ ಹತ್ತುವ ವಿಮಾನದ ಟಿಕೆಟ್ಟನ್ನು ಒಟ್ಟಿಗೇ ತಗೊಳ್ಳಿ. ಮತ್ತೆ ವಿಯೆನ್ನಾಗೆ ಓಡುವ ಒಂದು ದಿನವೂ ಉಳಿಯುತ್ತದೆ, ರೈಲು ಚಾರ್ಜೂ ಉಳಿಯುತ್ತದೆ.